ಎದುರಾಳಿಗಳ ಬೆಂಚಿನಲ್ಲಿ ನಾನು

ಕ್ರಿಕೆಟ್ ಪಂದ್ಯ ನೋಡುವುದಕ್ಕೆ ವಿಶೇಷ ಅರ್ಹತೆ ಏನೂ ಬೇಕಿಲ್ಲ, ಕೂರಲು ಒಂದು ಸೋಫಾ ಇದ್ದರೆ ಸಾಕು ಎಂದು ನಾನು ನಂಬಿದ್ದೆ. ಅದು ಸ್ವಂತ ಸೋಫಾ ಆಗಿರಬೇಕೆಂದೂ ಇಲ್ಲ. ಮುಂಬೈಯ ಮುಲುಂಡಿನ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಎದುರು ಫ್ಲ್ಯಾಟಿನ ಸಾವಂತರು ಗೋಡೆಯಗಲದ ಟಿವಿ ತಂದ ವರ್ಷ, ಬೇಸಿಗೆಯ ಪಂದ್ಯಗಳು ಶುರುವಾದ ದಿನವೇ ನಾನು ಅವರ ಮನೆಗೆ ಹೋಗಿ ಕೂತೆ.

ಆಟ ನನಗೆ ಅಷ್ಟಾಗಿ ತಿಳಿಯದು. ಆಟ ನೋಡುವವರನ್ನು ನೋಡುವುದು ಮಾತ್ರ ಬಹಳ ಇಷ್ಟ. ಎಲ್ಲೆಲ್ಲಿಂದಲೋ ಹರಾಜಿನಲ್ಲಿ ಕೊಂಡು ತಂದ ಹನ್ನೊಂದು ಜನರನ್ನು ಒಬ್ಬ ಮನುಷ್ಯ ‘ಇವರು ನಮ್ಮವರು’ ಎಂದು ಹೇಗೆ ತೀರ್ಮಾನಿಸುತ್ತಾನೆ ಎಂಬುದು ನನ್ನ ಕುತೂಹಲ. ಸಿಕ್ಕಸಿಕ್ಕವರನ್ನು ಕೇಳುತ್ತಿದ್ದೆ. ನಮ್ಮ ಬ್ಯಾಂಕಿನ ಒಬ್ಬ ಸಹೋದ್ಯೋಗಿ ಮಾಟುಂಗಾದಲ್ಲಿ ಹುಟ್ಟಿ ಅಲ್ಲೇ ಬೆಳೆದವರು, ಆದರೆ ಚೆನ್ನೈ ಸೋತರೆ ಎರಡು ದಿನ ಯಾರ ಜೊತೆಗೂ ಮಾತಾಡುವುದಿಲ್ಲ. ಪಕ್ಕದ ಟೇಬಲ್ಲಿನ ಮೇಡಂ ಜೆರ್ಸಿಯ ಬಣ್ಣ ನೋಡಿ ತಂಡ ಆರಿಸುತ್ತಾರೆ. ಸೋತಾಗ ಅತ್ಯಂತ ಕಡಿಮೆ ದುಃಖ ಪಡುವವರೂ ಅವರೇ. ಬ್ಯಾಂಕ್ ಇರುವ ಫೋರ್ಟ್ ಪ್ರದೇಶದಲ್ಲಿ ನಾವು ಊಟಕ್ಕೆ ಹೋಗುವ ಉಡುಪಿ ಹೋಟೆಲಿನ ವೇಟರ್ ಹಾವೇರಿ ಕಡೆಯವನು. ಬೆಂಗಳೂರು ತಂಡ ಸೋತ ಮರುದಿನ ಅವನು ತಲೆಯೆತ್ತದೆ ಸಾಂಬಾರು ಬಡಿಸುತ್ತಾನೆ. ಬೆಂಗಳೂರಿನಲ್ಲಿ ಎಷ್ಟು ವರ್ಷ ಇದ್ದೆಯಪ್ಪ ಎಂದು ಕೇಳಿದೆ. “ಬೆಂಗ್ಳೂರ ನೋಡೇ ಇಲ್ರಿ ಸಾಹೇಬ್ರ. ಆದ್ರೂ ಟೀಮ್ ನಮ್ದೈತಲ್ರಿ” ಎಂದ.

ಸಾವಂತರ ಉತ್ತರ ಇನ್ನೂ ಸರಳವಾಗಿತ್ತು. ಅವರು ದಾದರಿನಲ್ಲಿ ಹುಟ್ಟಿದವರು, ಆದ್ದರಿಂದ ಮುಂಬೈ. ತಂಡವನ್ನು ಯಾರೂ ಆರಿಸುವುದಿಲ್ಲ, ಅದು ರಕ್ತದ ಗುಂಪಿನ ಹಾಗೆ ಹುಟ್ಟಿನಿಂದಲೇ ಬರುತ್ತದೆ ಎಂದು ಅವರು ವಿವರಿಸಿದರು. ನಿಮ್ಮ ತಂಡ ಯಾವುದು ಎಂದು ನನ್ನನ್ನೇ ಕೇಳಿದಾಗ ನಾನು ತಡವರಿಸಿದೆ. ನಾನು ಮೈಸೂರಿನವನು. ಮೈಸೂರಿಗೆ ಆ ಪಂದ್ಯಗಳಲ್ಲಿ ತಂಡವಿಲ್ಲ. ಹತ್ತಿರದ ದೊಡ್ಡ ಸ್ಟೇಷನ್ ಬೆಂಗಳೂರು. ಹಾಗಾಗಿ ಬೆಂಗಳೂರು ಎಂದುಬಿಟ್ಟೆ.

ಆ ದಿನ ಬೆಂಗಳೂರು ಆರಾಮವಾಗಿ ಗೆಲ್ಲುವಂತಿತ್ತು. ನಾನು ಸೌಜನ್ಯಕ್ಕೆಂದು ಒಮ್ಮೆ ಚಪ್ಪಾಳೆ ತಟ್ಟಿದೆ. ಆ ಸದ್ದು ಅಡಗುವುದರೊಳಗೆ ಒಂದು ವಿಕೆಟ್ ಬಿತ್ತು. ಹಿಂದೆಯೇ ಉಳಿದವೂ ಸಾಲಾಗಿ ಬಿದ್ದವು. ಮುಂದಿನ ಪಂದ್ಯಕ್ಕೆ, ಇಷ್ಟು ವರ್ಷ ಅನ್ನ ಕೊಟ್ಟ ಊರೆಂದು ಮುಂಬೈ ಪರ ನಿಂತೆ. ಸಾವಂತರು ಸಂತೋಷದಿಂದ ನನ್ನ ಭುಜ ತಟ್ಟಿದರು, ಅವರ ಹೆಂಡತಿ ನನ್ನ ತಟ್ಟೆಗೆ ಇನ್ನೆರಡು ಈರುಳ್ಳಿ ಭಜಿ ಹಾಕಿದರು. ಮುಂಬೈ ಸೋತ ರೀತಿಗೆ ಸಾವಂತರು ಟಿವಿ ಆರಿಸಿ ಬಾಲ್ಕನಿಯ ತುಳಸಿ ಕುಂಡವನ್ನೇ ನೋಡುತ್ತಾ ಕೂತರು. ಮೂರನೆಯ ಸಲ ನನಗೆ ಸಂಬಂಧವೇ ಇಲ್ಲದ ಎರಡು ತಂಡಗಳ ಪಂದ್ಯ. ಒಂದು ತಂಡದ ನಾಯಕ ಬಹಳ ಸಭ್ಯನಾಗಿ ಕಂಡ, ಅವನನ್ನು ಆರಿಸಿಕೊಂಡೆ. ಅವರೂ ಸೋತರು. ಸಭ್ಯತೆ ಮಾತ್ರ ಉಳಿಯಿತು.

ನಾಲ್ಕನೆಯ ಪಂದ್ಯದ ನಡುವೆ ಸಾವಂತರು ನನ್ನನ್ನು ಪಕ್ಕಕ್ಕೆ ಕರೆದು, ಡಾಕ್ಟರು ರಿಪೋರ್ಟ್ ಹೇಳುವ ದನಿಯಲ್ಲಿ, “ಮೂರ್ತಿಸಾಬ್, ಬುರಾ ಮತ್ ಮಾನ್ನಾ. ಆಪ್ ಪನೌತಿ ಹೋ” ಎಂದರು.

ಬೇಸರಪಡಬೇಡಿ, ನೀವು ಪನೌತಿ ಎಂದರ್ಥ. ಪನೌತಿ ಎಂದರೆ ಕಾಲಿಟ್ಟಲ್ಲಿ ಕೆಲಸ ಕೆಡಿಸುವವನು. ಮುಂಬೈಯಲ್ಲಿ ಈ ಪದ ತಿಳಿಯದವರಿಲ್ಲ. ನಾನು ಬಿ.ಎಸ್ಸಿ. ಓದಿದವನು. ಇದೆಲ್ಲ ಕಾಕತಾಳೀಯ, ಮುಲುಂಡಿನ ಸೋಫಾಕ್ಕೂ ಅಷ್ಟು ದೂರದ ಮೈದಾನಕ್ಕೂ ಯಾವ ಸಂಬಂಧವೂ ಇಲ್ಲ ಎಂದು ಎಲ್ಲರಿಗೂ ಕೇಳುವಂತೆ ತಿಳಿಹೇಳಿದೆ. ಬೇಕಾದರೆ ನೋಡಿ, ಈಗ ಆಡುತ್ತಿರುವವನು ಇನ್ನೂ ನಾಲ್ಕು ಓವರ್ ಆಡುತ್ತಾನೆ ಎಂದೆ. ಅವನು ಮುಂದಿನ ಚೆಂಡಿಗೇ ಔಟಾದ. ನನ್ನ ವಿಜ್ಞಾನ ಅಲ್ಲಿಗೆ ನಿಂತಿತು.

ಅಂದಿನಿಂದ ನನ್ನ ಸ್ಥಾನ ಬದಲಾಗತೊಡಗಿತು. ಮೊದಲು ಸೋಫಾದಿಂದ ಪ್ಲಾಸ್ಟಿಕ್ ಕುರ್ಚಿಗೆ ಬಂದೆ. ಆಮೇಲೆ ಆ ಕುರ್ಚಿಯನ್ನು ಚಪ್ಪಲಿ ಗೂಡಿನ ಪಕ್ಕ ಹಾಕಿದರು, ಅಲ್ಲಿಗೆ ಟಿವಿ ಕೇಳಿಸುತ್ತದೆ, ಕಾಣಿಸುವುದಿಲ್ಲ. ಪಂದ್ಯ ಬಿಗಿಯಾದಾಗ ನನ್ನನ್ನು ಹಾಲು ತರಲು ಕೆಳಗೆ ಕಳುಹಿಸುವ ಪದ್ಧತಿಯೂ ಶುರುವಾಯಿತು. ಒಮ್ಮೆ ನಾನು ಡೈರಿಯ ಮುಂದೆ ನಿಂತಿದ್ದಾಗ ಸುತ್ತಲಿನ ಎಲ್ಲ ಬಿಲ್ಡಿಂಗುಗಳಿಂದ ಒಟ್ಟಿಗೆ ಕೇಕೆ ಕೇಳಿತು. ಮುಂಬೈ ಗೆದ್ದಿತ್ತು. ಹಾಲಿನ ಪ್ಯಾಕೆಟ್ ಹಿಡಿದು ಮೇಲೆ ಬಂದವನನ್ನು ಸಾವಂತರು ಬಾಗಿಲಲ್ಲೇ ತಬ್ಬಿಕೊಂಡರು. ಹಾಲು ಯಾರಿಗೂ ಬೇಕಿರಲಿಲ್ಲ.

ಇಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಸಾವಂತರು ಯೋಚನೆ ಮಾಡುವ ಮನುಷ್ಯ. ಪನೌತಿಯನ್ನು ಹೊರಗಟ್ಟುವುದಕ್ಕಿಂತ ಎದುರಾಳಿಗಳ ಮೇಲೆ ಛೂ ಬಿಡುವುದು ಲಾಭವೆಂದು ಅವರಿಗೆ ಹೊಳೆಯಿತು. ನನ್ನನ್ನು ಮತ್ತೆ ಸೋಫಾದ ನಟ್ಟನಡುವೆ ಕೂರಿಸಿ, ಎದುರು ತಂಡ ಗೆಲ್ಲಲಿ ಎಂದು ಗಟ್ಟಿಯಾಗಿ ಹಾರೈಸಲು ಹೇಳಿದರು. ಹಾರೈಸಿದೆ. ಮುಂಬೈ ಗೆದ್ದಿತು. ಮುಂದಿನ ಸಲವೂ ಗೆದ್ದಿತು.

ಆಮೇಲೆ ಸೊಸೈಟಿಯಲ್ಲಿ ನನಗೆ ಸಿಕ್ಕ ಮರ್ಯಾದೆಯನ್ನು ಏನೆಂದು ಹೇಳಲಿ! ನಾನು ಬರುವುದು ಕಂಡರೆ ಲಿಫ್ಟಿನ ಬಾಗಿಲು ಹಿಡಿದು ಕಾಯುತ್ತಿದ್ದರು. ಎಂದೂ ಮುಖ ನೋಡದ ಸೆಕ್ರೆಟರಿ ಸಾಹೇಬರು ಆರೋಗ್ಯ ವಿಚಾರಿಸಿದರು. ಬ್ಯಾಂಕಿನಲ್ಲಿ ಎ.ಸಿ. ಎಷ್ಟಿರಬೇಕೆಂದು ಹೇಳುವ ಅಧಿಕಾರವೂ ನನಗಿಲ್ಲ. ಇಲ್ಲಿ ಕೂತಲ್ಲಿಂದಲೇ ಘಟಾನುಘಟಿ ಆಟಗಾರರನ್ನು ಔಟ್ ಮಾಡುತ್ತಿದ್ದೆ. ನಿಜ ಹೇಳಬೇಕೆಂದರೆ, ನನಗೂ ನಂಬಿಕೆ ಬಂದುಬಿಟ್ಟಿತು.

ಸಿಟ್ಟು ಬಂದದ್ದು ನನ್ನ ಹೆಂಡತಿ ಪ್ರೇಮಾಳಿಗೆ. ಊರವರೆಲ್ಲ ಅಪಶಕುನ ಎನ್ನುತ್ತಿದ್ದರೆ ನೀವು ಹಲ್ಲು ಕಿರಿಯುತ್ತಾ ಕೂರುತ್ತೀರಲ್ಲ ಎಂದು ರೇಗಿದಳು. ಸಾವಂತರ ಹೆಂಡತಿಯ ಜೊತೆ ಕೆಲವು ದಿನ ಮಾತು ಬಿಟ್ಟಳು. ಮನೆಯಲ್ಲಿ ಇವಳೊಬ್ಬಳಾದರೂ ಇದನ್ನು ನಂಬುವುದಿಲ್ಲ ಎಂದುಕೊಂಡಿದ್ದೆ.

ಮಳೆಗಾಲ ಕಳೆದ ಮೇಲೆ ನನ್ನ ಮಗಳು ಮೇಘನಾಳ ಶಾಲೆ ಕಬಡ್ಡಿಯಲ್ಲಿ ಫೈನಲ್ ತಲುಪಿತು. ಅವಳು ಒಂಬತ್ತನೆಯ ಕ್ಲಾಸು. ವರ್ಷವಿಡೀ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡೇ ಓಡಾಡಿದವಳು. ಫೈನಲ್ ಇದ್ದದ್ದು ದಹಿಸರಿನಲ್ಲಿ, ಅಲ್ಲಿಯದೇ ಒಂದು ಶಾಲೆಯ ಎದುರು. ನಾನು ರಜೆ ಹಾಕಿ, ಹಿಂದಿನ ಸಂಜೆ ಅಂಗಿಗೆ ಇಸ್ತ್ರಿ ಮಾಡುತ್ತಿದ್ದೆ. ಪ್ರೇಮಾ ಬಾಗಿಲ ಹತ್ತಿರ ಬಂದು ನಿಂತಳು.

“ರೀ, ನಾಳೆ ನೀವು ಬರ್ಲೇಬೇಕಾ?”

“ಯಾಕೆ, ನೀನೂ ಆ ಪನೌತಿ ಮಾತನ್ನ ನಂಬ್ತೀಯಾ?”

“ಛೆ, ನಾನ್ಯಾಕೆ ನಂಬ್ಲಿ? ಆದ್ರೆ ಮಗು ಅಷ್ಟು ಕಷ್ಟಪಟ್ಟಿದೆ, ಸುಮ್ನೆ ಯಾಕೆ ರಿಸ್ಕು ಅಂತ.”

ಇಸ್ತ್ರಿ ಪೆಟ್ಟಿಗೆಯನ್ನು ಹಾಗೇ ನಿಲ್ಲಿಸಿದೆ. ಮಗಳ ಫೈನಲ್‌ಗೆ ಹೋಗದ ತಂದೆ ಎಂಥ ತಂದೆ? ಅವಳನ್ನು ಸೋಲಿಸುವ ತಂದೆ ಎಂಥ ತಂದೆ? ಎರಡೂ ಪ್ರಶ್ನೆ ಹಿಡಿದು, ಒಮ್ಮೆ ಮಾತು ಬಿಟ್ಟಿದ್ದ ಪ್ರೇಮಾಳೇ ಸಾವಂತರ ಮನೆಯ ಬೆಲ್ ಒತ್ತಿದಳು. ಅವರು ಎಲ್ಲ ಕೇಳಿ ತೀರ್ಪು ಕೊಟ್ಟರು. ನಾನು ಮನೆಯಲ್ಲಿ ಉಳಿಯಕೂಡದು. ಮನೆಯಲ್ಲಿ ಕೂತ ತಂದೆ ಅಲ್ಲಿಂದಲೇ ಮಗಳಿಗೆ ಹಾರೈಸುತ್ತಾನೆ, ಅದು ಹೆಚ್ಚು ಅಪಾಯ. ನಾನು ದಹಿಸರಿಗೆ ಹೋಗಬೇಕು, ದಹಿಸರಿನವರ ಜೊತೆ ಕೂತು ಅವರಿಗೇ ಜೈಕಾರ ಹಾಕಬೇಕು. ಪ್ರೇಮಾಳ ಮುಖ ಅರಳಿತು. ನಾನೂ ಗಡಿಗೆ ಹೊರಟ ಯೋಧನ ಗಾಂಭೀರ್ಯದಿಂದ ಒಪ್ಪಿಕೊಂಡೆ. ಮೇಘನಾಳಿಗೆ ಹೇಳಿದರೆ ಅವಳ ಮನಸ್ಸು ಚಂಚಲವಾದೀತೆಂದು ಅವಳೊಬ್ಬಳಿಗೆ ಹೇಳಲಿಲ್ಲ.

ಮೈದಾನದಲ್ಲಿ ಪ್ರೇಮಾ ಮುಲುಂಡಿನ ಪಾಲಕರ ನಡುವೆ ಕೂತಳು. ನಾನು ಎದುರು ಬದಿಗೆ ಹೋದೆ. ಯಾರೋ ನನ್ನ ಕೈಗೆ ಹಸಿರು ಕಾಗದದ ಬಾವುಟ ಕೊಟ್ಟರು. ಬೆಂಚಿನ ಮೇಲೆ ಕೂರುವಾಗ ಅಭ್ಯಾಸಬಲದಿಂದ “ಅಯ್ಯೋ ಶಿವನೇ” ಎಂದೆ. ಪಕ್ಕದಲ್ಲಿದ್ದ ದಪ್ಪ ಮೈಯವರು ತಟ್ಟನೆ ತಿರುಗಿ, ನೀವು ಕನ್ನಡದವರಾ ಎಂದು ಕೇಳಿದರು. ಶೆಟ್ಟರು, ಕುಂದಾಪುರದ ಕಡೆಯವರು, ದಹಿಸರ್ ಸ್ಟೇಷನ್ ಹತ್ತಿರ ನೋಟ್‌ಬುಕ್ ಪೆನ್ನಿನ ಅಂಗಡಿ ಇಟ್ಟಿದ್ದಾರೆ. ಕನ್ನಡದವರು ಸಿಕ್ಕ ಸಂತೋಷಕ್ಕೆ ತಮ್ಮ ವಡಾ ಪಾವಿನಲ್ಲಿ ಅರ್ಧ ಮುರಿದು ಕೊಟ್ಟರು. ನಿಮ್ಮ ಮಗಳು ಎಷ್ಟನೇ ನಂಬರ್ ಎಂದು ವಿಚಾರಿಸಿದರು. ಹಸಿರು ಜೆರ್ಸಿಗಳ ಕಡೆ ನೋಡಿ, ಬಾಯಿಗೆ ಬಂದ ಹಾಗೆ “ಏಳು” ಎಂದೆ.

“ಏಳು ನನ್ನ ಮಗಳಲ್ಲವಾ ಮಾರಾಯ್ರೆ?”

ಏಳನೇ ನಂಬರಿನ ಆಟ ನನಗೆ ಇಷ್ಟ ಎಂದು ಹೇಳಹೊರಟಿದ್ದೆ, ನನಗೆ ಕಬಡ್ಡಿಯೆಂದರೆ ಪ್ರಾಣ ಎಂದೆಲ್ಲ ಸಂಭಾಳಿಸಿದೆ. ಅಷ್ಟರಲ್ಲಿ ಆಟ ಶುರುವಿನ ಸೀಟಿ ಊದಿದ್ದರಿಂದ ನನ್ನ ಮಾನ ಉಳಿಯಿತು. ಶೆಟ್ಟರು ಮಾತ್ರ ಇಡೀ ಸಾಲಿಗೆ ನನ್ನನ್ನು ತಮ್ಮ ಮಗಳ ಅಭಿಮಾನಿಯೆಂದು ಪರಿಚಯಿಸಿದರು.

ನಾನು ಕರ್ತವ್ಯಕ್ಕೆ ಕುಂದು ತರಲಿಲ್ಲ. ದಹಿಸರಿನ ಹುಡುಗಿಯರಿಗೆ ಗಂಟಲು ಹರಿಯುವಂತೆ ಕೂಗಿದೆ. ಮುಲುಂಡ್ ಮುಂದೆ ಹೋಗುತ್ತಲೇ ಇತ್ತು. ಮೇಘನಾ ಒಮ್ಮೆ ಸಿಕ್ಕಿಬಿದ್ದಾಗ ಬಾವುಟ ಬೀಸಿ ಚಪ್ಪಾಳೆಯನ್ನೂ ತಟ್ಟಿದೆ. ಎದುರು ಬದಿಯಿಂದ ಪ್ರೇಮಾ, ಚೆನ್ನಾಗಿದೆ ಮುಂದುವರಿಸಿ ಎಂಬಂತೆ ತಲೆಯಾಡಿಸುತ್ತಿದ್ದಳು.

ಅರ್ಧ ಆಟ ಮುಗಿದಾಗ ಮೇಘನಾ ನೀರು ಕುಡಿಯುತ್ತಾ ಜನರ ಕಡೆ ನೋಡಿದಳು. ಅಮ್ಮ ಕಂಡಳು. ಅಮ್ಮನ ಅಕ್ಕಪಕ್ಕ ನನ್ನನ್ನು ಹುಡುಕಿದಳು. ಹುಡುಕುತ್ತಾ ಅವಳ ಕಣ್ಣು ನಿಧಾನವಾಗಿ ಮೈದಾನ ಸುತ್ತಿ ನನ್ನ ಮೇಲೆ ಬಂದು ನಿಂತಿತು. ನಾನು ಕೈ ಬೀಸಿದೆ. ಕೈಯಲ್ಲಿ ಬಾವುಟ ಇತ್ತು.

ಎರಡನೆಯ ಭಾಗದಲ್ಲಿ ದಹಿಸರ್ ಚೇತರಿಸಿಕೊಂಡು, ಕೊನೆಗೆ ಎರಡೂ ಕಡೆ ಅಂಕ ಸಮವಾಯಿತು. ಕೊನೆಯ ರೇಡಿಗೆ ಮುಲುಂಡಿನಿಂದ ಹೊರಟವಳು ಮೇಘನಾ. “ಕಬಡ್ಡಿ ಕಬಡ್ಡಿ” ಎನ್ನುತ್ತಾ ಗೆರೆ ದಾಟಿದಳು. ಶೆಟ್ಟರು ಹಿಡಿ, ಹಿಡಿ ಎಂದು ಅರಚುತ್ತಿದ್ದರು. ನಾನೂ ಹಾಗೇ ಅರಚಬೇಕು. ಬಾಯಿ ತೆರೆದೆ. ಏಳನೇ ನಂಬರಿನ ಹುಡುಗಿ ಹಿಂದಿನಿಂದ ಸರಿದು ಬರುತ್ತಿದ್ದದ್ದು ಕಂಡಿತು.

“ಮೇಘೂ, ಹಿಂದೆ ನೋಡೇ!”

ನಾನು ಬೆಂಚಿನ ಮೇಲೆ ನಿಂತಿದ್ದೆ. ಯಾವಾಗ ಹತ್ತಿದೆನೋ ಗೊತ್ತಿಲ್ಲ. ಬಾವುಟ ಕಾಲಡಿಗೆ ಸಿಕ್ಕಿ ಹರಿದಿತ್ತು. ಮೇಘನಾ ನನ್ನ ದನಿ ಬಂದ ಕಡೆ ಕತ್ತು ತಿರುಗಿಸಿದಳು. ಏಳನೇ ನಂಬರು ಅವಳ ಕಾಲು ಹಿಡಿದಳು, ಉಳಿದವರು ಮೇಲೆ ಬಿದ್ದರು. ದಹಿಸರ್ ಗೆದ್ದಿತು.

ಸುತ್ತಲಿದ್ದವರೆಲ್ಲ ಕುಣಿಯುತ್ತಾ ಮೈದಾನಕ್ಕೆ ಇಳಿದರು. ಶೆಟ್ಟರು ಏಳಲಿಲ್ಲ. ನನ್ನನ್ನು ನೋಡಿದರು, ಮಣ್ಣಿನಿಂದ ಎದ್ದು ಕಣ್ಣೊರೆಸಿಕೊಳ್ಳುತ್ತಿದ್ದ ನನ್ನ ಮಗಳನ್ನು ನೋಡಿದರು.

“ನೀವು ನಿಜವಾಗಿ ಯಾರ ಕಡೆಯವರು ಮಾರಾಯ್ರೆ?”

ಅವಳು ನನ್ನ ಮಗಳು ಎಂದೆ. ಅವರು ಹತ್ತಿರ ಸರಿದು, ಬಹಳ ಕನಿಕರದಿಂದ ಕೇಳಿದರು: “ಮನೆಯಲ್ಲಿ ಏನಾದರೂ ಜಗಳವಾ?”

ದಹಿಸರಿನಿಂದ ದಾದರಿನ ತನಕ ಲೋಕಲ್ ರೈಲಿನಲ್ಲಿ ಮೇಘನಾ ಕಿಟಕಿಯ ಕಡೆಗೇ ಮುಖ ಮಾಡಿದ್ದಳು. ಪ್ರೇಮಾ ಸಾವಂತರಿಗೆ ಫೋನು ಮಾಡಿದಳು. ಅವರಿಗೆ ಕಾರಣ ಹುಡುಕಲು ಒಂದು ನಿಮಿಷವೂ ಬೇಕಾಗಲಿಲ್ಲ. ನನ್ನ ಬಾಯಿ ದಹಿಸರ್ ಎಂದರೂ ಮನಸ್ಸು ಮಗಳ ಕಡೆಯೇ ಇತ್ತು, ಪನೌತಿ ಕೆಲಸ ಮಾಡುವುದು ಮನಸ್ಸಿನಿಂದ ಎಂದರು. ಪ್ರೇಮಾ ನನ್ನನ್ನು ನೋಡಿ ನಿಟ್ಟುಸಿರು ಬಿಟ್ಟಳು. ನಾನು ದಹಿಸರ್ ಪರ ಕೂತಿದ್ದೂ ತಪ್ಪು, ಮುಲುಂಡ್ ಪರ ಮನಸ್ಸಿಟ್ಟದ್ದೂ ತಪ್ಪು ಎಂದಾಯಿತು.

ದಾದರಿನಲ್ಲಿ ಇಳಿದು, ಮುಲುಂಡಿನ ಗಾಡಿ ಹತ್ತಿ ಸೀಟು ಸಿಕ್ಕ ಮೇಲೆ ನಾನು ಮಗಳಿಗೆ ಎಲ್ಲವನ್ನೂ ಹೇಳಿದೆ. ಸೋಫಾ, ಚಪ್ಪಲಿ ಗೂಡು, ಹಾಲು, ಸಾವಂತರ ತೀರ್ಪು, ಕೊನೆಯಲ್ಲಿ ನನ್ನ ಕೂಗು. ನನ್ನಿಂದಲೇ ನೀನು ಕತ್ತು ತಿರುಗಿಸಿದೆ, ನನ್ನಿಂದಲೇ ನಿನ್ನ ಕಪ್ ಕೈತಪ್ಪಿತು ಎಂದೆ. ಅವಳು ಹುಬ್ಬು ಗಂಟಿಕ್ಕಿ ಕೇಳುತ್ತಿದ್ದಳು.

“ಮತ್ಲಬ್, ನಾವು ಜೀತಬೇಕು ಅಂತ ನೀನು ಅವರ ಸೈಡಲ್ಲಿ ಕೂತ್ಕೊಂಡೆ?”

ಹೌದು, ನೀವು ಗೆಲ್ಲಲಿ ಎಂದೇ ಎಂದೆ. ಅವಳು ನಗಲು ಶುರು ಮಾಡಿದಳು. ಅಳುವಿನಿಂದ ಮೂಗು ಇನ್ನೂ ಕೆಂಪಗಿತ್ತು, ಆದರೂ ಎದುರು ಸೀಟಿನವರು ತಿರುಗಿ ನೋಡುವಷ್ಟು ನಕ್ಕಳು. ಆಮೇಲೆ ನನ್ನ ತೋಳು ಹಿಡಿದು, ನನ್ನ ಕೂಗಿಗೂ ಮೊದಲು ಆದದ್ದನ್ನು ತನ್ನ ಹಿಂದಿ ಬೆರೆತ ಕನ್ನಡದಲ್ಲಿ ವಿವರಿಸಿದಳು.

“ಅರೇ ಪಪ್ಪಾ, ನೀನು ಕೂಗೋ ಪೆಹಲೇನೇ ಅವಳ ಕೈ ನನ್ನ ಕಾಲ್ ಮೇಲೆ ಇತ್ತು. ಅವಳು ಮಸ್ತ್ ಆಡ್ತಾಳೆ, ಅದಕ್ಕೆ ಗೆದ್ರು. ನೆಕ್ಸ್ಟ್ ಟೈಮ್ ಸೀದಾ ನಮ್ಮ ಸೈಡಲ್ಲಿ ಕೂತ್ಕೋ. ನಿನ್ನಿಂದ ಕುಛ್ ಭೀ ಆಗಲ್ಲ.”

ನನ್ನಿಂದ ಏನೂ ಆಗುವುದಿಲ್ಲ ಎಂಬ ಈ ಮಾತನ್ನು ಅವಳಮ್ಮ ಮದುವೆಯಾದಾಗಿನಿಂದ ಹೇಳುತ್ತಿದ್ದಾಳೆ. ನಲ್ಲಿ ರಿಪೇರಿಗೆ ಕೂತಾಗ, ಫ್ಯಾನು ಬಿಚ್ಚಿದಾಗ, ನೆಂಟರ ಮದುವೆಗೆ ರೈಲು ಟಿಕೆಟ್ ಮಾಡಿಸಿದಾಗ. ಪ್ರತಿ ಸಲವೂ ನಾನು ಜಗಳ ಆಡಿದ್ದೇನೆ. ಅದು ಇಷ್ಟು ಸಮಾಧಾನ ಕೊಡುವ ಮಾತೆಂದು ಗೊತ್ತಿರಲಿಲ್ಲ. ಇನ್ನೊಮ್ಮೆ ಹೇಳಮ್ಮ ಎಂದೆ.

ಮಗಳು ಹೇಳಿದಳು. ಪಕ್ಕದಲ್ಲಿ ಕೂತಿದ್ದ ಪ್ರೇಮಾ, ಈ ವಿಷಯದಲ್ಲಿ ತನಗೆ ಎಂದೂ ಅನುಮಾನವೇ ಇರಲಿಲ್ಲ ಎಂದಳು.