ಫೋನಿನಲ್ಲಿ ಹುಲಿ, ಲ್ಯಾಬಿನಲ್ಲಿ ಇಲಿ

ಮಕ್ಕಳ ಕೈಗೆ ಫೋನ್ ಬಂದ ಮೇಲೆ ನಮ್ಮ ಸ್ಟಾಫ್ ರೂಮಿನಲ್ಲಿ ನಗುವುದಕ್ಕೆ ಬೇರೆ ಎಂತದೂ ಬೇಡ. ಗಡಿನಾಡಿನ ಎಣ್ಮಕಜೆ ಕಡೆಯ ಕನ್ನಡ ಮೀಡಿಯಂ ಹೈಸ್ಕೂಲಿನಲ್ಲಿ ನಾನು ಸಮಾಜ ಪಾಠದ ಟೀಚರ್. ಐಟಿಯನ್ನೂ ನನ್ನ ತಲೆಗೇ ಕಟ್ಟಿದ್ದಾರೆ. ಡಿಜಿಟಲ್ ಕೌಶಲ ಇದ್ದರೆ ಮಾರ್ಕು ತನ್ನಿಂದ ತಾನೇ ಬರುತ್ತದಂತೆ, ತರಬೇತಿಯಲ್ಲಿ ಹೇಳಿದರು. ಹೇಳಿದವರನ್ನು ಒಮ್ಮೆ ನಮ್ಮ ಕಳೆದ ವರ್ಷದ ಹತ್ತನೇ ಕ್ಲಾಸಿನಲ್ಲಿ ಕೂರಿಸಬೇಕಿತ್ತು.

ಹಾಳಾದ ಕಂಪ್ಯೂಟರ್

ಆ ಕ್ಲಾಸಿನಲ್ಲಿ ಒಬ್ಬಳಿದ್ದಳು. ಊರಿನಲ್ಲಿ ಯಾರ ಮದುವೆಯಾದರೂ ವಿಡಿಯೊ ಕತ್ತರಿಸಿ, ಹಾಡು ಅಂಟಿಸಿ ರೀಲ್ಸ್ ಮಾಡುವುದು ಅವಳೇ. ಎಂಟನೆಯಲ್ಲಿ ಮೊದಲ ಸಲ ಲ್ಯಾಬಿಗೆ ಬಂದವಳು ಸ್ಕ್ರೀನಿನ ಮೇಲೆ ಬೆರಳು ಎಳೆದಳು. ಮತ್ತೂ ಎಳೆದಳು. ಶಾಲಿನಲ್ಲಿ ಒರೆಸಿ ಎಳೆದಳು.

"ಟೀಚರ್, ಇದು ಹಾಳಾಗಿದೆ."

"ಅದಕ್ಕೆ ಎಂತದೂ ಆಗಲಿಲ್ಲ. ಮೌಸ್ ಹಿಡಿ."

ಹಿಡಿದಳು. ಕಂಪ್ಯೂಟರನ್ನೇ ಮರುಕದಿಂದ ನೋಡಿ ಕೇಳಿದಳು, "ಪಾಪ, ಇದಕ್ಕೆ ಮುಟ್ಟಿದರೆ ಗೊತ್ತಾಗುವುದಿಲ್ವಾ?"

ಗಟ್ಟಿ ಲಾಕ್

ಹತ್ತನೆಗೆ ಬಂದಾಗ ಅವಳ ಅಮ್ಮ ನನ್ನನ್ನು ಹುಡುಕಿಕೊಂಡು ಬಂದರು. "ಇವಳು ಐಟಿಯಲ್ಲಿಯೇ ಫೇಲಾಗುವ ಅಂದಾಜು ಉಂಟು ಟೀಚರ್. ಫೇಲಾದರೆ ಮುಂದೆ ಹನ್ನೊಂದಕ್ಕೆ, ಪ್ಲಸ್ ವನ್‌ಗೆ ಕಳಿಸುವುದಿಲ್ಲ, ಮನೆಯಲ್ಲಿ ಕೂರಿಸುವುದು ಅಂತ ಇವಳ ಅಪ್ಪ ಗಲ್ಫಿನಿಂದ ಹೇಳಿಯಾಗಿದೆ."

ಹುಡುಗಿಗೆ ಓದುವ ಆಸೆ ಉಂಟು, ಕೂತು ಓದುವ ಅಭ್ಯಾಸ ಮಾತ್ರ ಇಲ್ಲ.

"ಫೋನಿಗೆ ಲಾಕ್ ಹಾಕಿ ಮಾರಾಯ್ರೇ."

"ಹಾಕಿಯಾಗಿದೆ. ಭಾರೀ ಗಟ್ಟಿ ಲಾಕ್."

"ಮತ್ತೆ ಅವಳು ನೋಡುವುದು ಹೇಗೆ?"

"ಲಾಕ್ ಹಾಕಲಿಕ್ಕೆ ನನಗೆಲ್ಲಿ ಬರುತ್ತದೆ? ಅವಳೇ ಹಾಕಿ ಕೊಟ್ಟದ್ದು."

ಅಜ್ಜಿಯ ಬೇಸಾಯ

ಮನೆಯ ಹಿರಿಯರನ್ನು ಕೇಳಿ ಹಳೆಯ ಕಾಲದ ಬೇಸಾಯದ ಬಗ್ಗೆ ಬರೆಯಿರಿ ಎಂದಿದ್ದೆ. ಎಲ್ಲರೂ ಕೇಳಿದ್ದು ಫೋನನ್ನು. ಭಟ್ಟರ ಮಗನ ಅಜ್ಜಿ, ಬ್ಯಾರಿ ಹುಡುಗನ ಅಜ್ಜಿ, ನಮ್ಮ ರೀಲ್ಸ್ ರಾಣಿಯ ಅಜ್ಜಿ, ಅಷ್ಟೂ ಅಜ್ಜಿಯಂದಿರು ವಿಶಾಲ ಬಯಲಿನಲ್ಲಿ ಗೋಧಿ ಬೆಳೆದಿದ್ದರು. ನನಗೆ ಪಿತ್ತ ನೆತ್ತಿಗೇರಿತು. ರಾಣಿಯನ್ನೇ ಎಬ್ಬಿಸಿ ನಿಲ್ಲಿಸಿದೆ.

"ಎಣ್ಮಕಜೆಯ ಗುಡ್ಡೆಯಲ್ಲಿ ಗೋಧಿಯಾ? ಯಾಕೆ, ನಿನ್ನ ಅಜ್ಜಿಗೆ ಭತ್ತ ಗೊತ್ತಿರಲಿಲ್ವಾ?"

ರಾಣಿ ಒಂದು ಕ್ಷಣವೂ ತಡವರಿಸಲಿಲ್ಲ. "ಅಜ್ಜಿಗೆ ಶುಗರ್ ಟೀಚರ್. ಅನ್ನ ಆಗುವುದಿಲ್ಲ."

ನಮ್ಮ ಪದ್ಧತಿ

ಕೊನೆಗೆ ಐಟಿ ಪ್ರಾಯೋಗಿಕ ಪರೀಕ್ಷೆ ಬಂತು. ಬೇರೆ ಶಾಲೆಯಿಂದ ಬಂದ ಪರೀಕ್ಷಕರು ಮುಖ ಗಂಟು ಹಾಕಿಕೊಂಡೇ ಒಳಗೆ ಕಾಲಿಟ್ಟರು. ಮೊದಲ ತಂಡದಲ್ಲೇ ನಮ್ಮ ಹುಡುಗಿ.

ನೆಟ್ಟಗೆ ಕೂತು ಹತ್ತು ಬೆರಳಲ್ಲಿ ಟೈಪ್ ಮಾಡು ಎಂದು ವರ್ಷವಿಡೀ ಬಡಿದುಕೊಂಡಿದ್ದೆ. ಅವಳು ಹಾಗೆ ಶುರು ಮಾಡಿದಳು, ಅಕ್ಷರ ಹುಡುಕುವುದರಲ್ಲೇ ಬೆವತಳು. ಆಮೇಲೆ ಕೀಬೋರ್ಡನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ಬೆನ್ನು ಬಾಗಿಸಿ, ಎರಡೇ ಹೆಬ್ಬೆರಳಲ್ಲಿ ಟಕಟಕ ಹೊಡೆಯತೊಡಗಿದಳು. ಉಳಿದವರು ಅರ್ಧಕ್ಕೆ ಬರುವಾಗ ಅವಳದ್ದು ಮುಗಿಯುತ್ತಾ ಬಂದಿತ್ತು.

ಪರೀಕ್ಷಕರು ಬಂದು ನಿಂತರು. "ಇದೆಂತ ಟೀಚರ್? ಹೀಗೂ ಟೈಪ್ ಮಾಡುವುದುಂಟಾ? ಇದಕ್ಕೆ ನಾನು ಮಾರ್ಕ್ ಕೊಡುವುದು ಹೇಗೆ?"

ಹುಡುಗಿಯ ಹೆಬ್ಬೆರಳು ನಿಂತಿತು. ಅವಳ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. "ನಾನೇ ಕಲಿಸಿದ್ದು ಸಾರ್," ಎಂದೆ. "ನಮ್ಮ ಶಾಲೆಯಲ್ಲಿ ಎಲ್ಲರಿಗೂ ಹೀಗೆಯೇ."

"ಎಲ್ಲರಿಗೂ?" ಎಂದು ಅವರು ಉಳಿದವರ ಕಡೆ ತಿರುಗಿದರು.

ವರ್ಷವಿಡೀ ನಾನು ಹೇಳಿದ ಒಂದು ಮಾತನ್ನೂ ಕೇಳದ ಆ ಕ್ಲಾಸು, ಅವತ್ತು ಕೀಬೋರ್ಡುಗಳನ್ನೆಲ್ಲ ಎತ್ತಿ ಮಡಿಲಲ್ಲಿಟ್ಟುಕೊಂಡಿತು. ನನ್ನ ಕಣ್ಣು ತುಂಬಿ ಬಂತು. ಪರೀಕ್ಷಕರು ಗಲ್ಲ ತುರಿಸಿಕೊಂಡು ಹುಡುಗಿಗೆ ಒಳ್ಳೆಯ ಮಾರ್ಕೇ ಹಾಕಿದರು. ಅವಳೀಗ ಪ್ಲಸ್ ವನ್.

ಅವತ್ತು ಮೂಲೆಯಲ್ಲಿದ್ದ ಭಟ್ಟರ ಮಗನ ಕೀಬೋರ್ಡಿನ ವಯರ್ ಮಾತ್ರ ಗಿಡ್ಡ, ಮಡಿಲಿಗೆ ಎಟುಕಲಿಲ್ಲ. ಟೀಚರ ಮರ್ಯಾದೆಯ ಪ್ರಶ್ನೆ ಅಲ್ಲವಾ, ಅವನು ಮೇಜಿನ ಅಡಿಗೆ ಹೋಗಿ ಕೂತು ಟೈಪ್ ಮಾಡಿದ. ಸಾಲು ಮುಗಿದಾಗೆಲ್ಲ ತಲೆ ಮೇಲೆ ಎತ್ತಿ ಸ್ಕ್ರೀನ್ ನೋಡಿ, ಪರೀಕ್ಷಕರಿಗೆ ಒಂದು ನಮಸ್ಕಾರ ಹಾಕಿ, ಮತ್ತೆ ಕೆಳಗೆ ಹೋಗುತ್ತಿದ್ದ.