ದಾಸ್ತಾನಿನಲ್ಲಿಲ್ಲದ ಬೆರಳು

ಸಂಖ್ಯೆ: ಉಗ್ರಾಣ/ರಕ್ತ/17/1968-69
ದಿನಾಂಕ: 14-3-1969

ಸುತ್ತೋಲೆ

ವಿಷಯ: ಶಸ್ತ್ರಚಿಕಿತ್ಸೆಯ ವೇಳೆ ಮಂಜೂರಾಗದ ಸಾಧನದಿಂದ ರಕ್ತಸ್ರಾವ ತಡೆದಿರುವ ಬಗ್ಗೆ.

ಉಲ್ಲೇಖ: 1) ಒಂದು ಶಸ್ತ್ರಚಿಕಿತ್ಸೆಗೆ ರಕ್ತನಾಳ ಹಿಡಿಯುವ ಎರಡೇ ಇಕ್ಕಳ ಎಂಬ ಈ ಕಚೇರಿಯ ಆದೇಶ.
2) ಉಗ್ರಾಣದ ಬೀರುವಿನ ಬೀಗ ಒಡೆಯುವುದನ್ನು ನಿಷೇಧಿಸಿರುವ ಆದೇಶ.
3) ಆಯಾ ದ್ಯಾವಮ್ಮನವರ ಹೇಳಿಕೆ.

ಸೂಲಿಬೆಲೆಯಿಂದ ಹತ್ತು ಮೈಲಿ ದೂರದ ಆಸ್ಪತ್ರೆಯೊಂದರಲ್ಲಿ ದಿನಾಂಕ 4-3-1969ರಂದು ದೊಡ್ಡಬೀರಪ್ಪ ಎಂಬ ರೈತರ ತೊಡೆಯ ಗೆಡ್ಡೆ ತೆಗೆಯುತ್ತಿದ್ದಾಗ ಮೂರು ರಕ್ತನಾಳಗಳು ಕತ್ತರಿಸಲ್ಪಟ್ಟವು. ಮಂಜೂರಾಗಿದ್ದ ಇಕ್ಕಳಗಳು ಎರಡು. ಮೂರನೆಯ ನಾಳವು ಉಲ್ಲೇಖ (1)ನ್ನು ಓದಿರಲಿಲ್ಲವೆಂದು ಕಂಡುಬಂದಿದೆ. ಉಳಿದ ಹತ್ತು ಇಕ್ಕಳಗಳೂ ನಾಳ ಕಟ್ಟುವ ದಾರವೂ ಬೀರುವಿನಲ್ಲಿ ಸುರಕ್ಷಿತವಾಗಿದ್ದವು. ಬೀಗದ ಕೈ ಉಗ್ರಾಣಪಾಲಕ ಶ್ರೀ ಆದಿನಾರಾಯಣಪ್ಪನವರ ಉಡಿದಾರದಲ್ಲಿತ್ತು. ಉಡಿದಾರ, ತಂಗಿಯ ಮಗಳ ನಿಶ್ಚಿತಾರ್ಥದ ನಿಮಿತ್ತ ಸೂಲಿಬೆಲೆಯಲ್ಲಿತ್ತು.

ಕೊಂಡಿ ಸಡಿಲವಾಗಿದ್ದ ಎರಡು ಇಕ್ಕಳಗಳನ್ನು ಹಿಡಿದುಕೊಂಡಿದ್ದರಿಂದ ಡಾ. ಸಂಜೀವಪ್ಪನವರ ಎರಡೂ ಕೈ ಖಾಲಿ ಇರಲಿಲ್ಲ. ಹಾಲಿನ ವ್ಯಾನು ಹತ್ತಿ ಹೋದ ಜವಾನ ಕೊಂಡಪ್ಪ ಬೀಗದ ಕೈ ತರುವವರೆಗೆ, ಅಂದರೆ ಒಂದು ಗಂಟೆ ಹತ್ತು ನಿಮಿಷ, ದಿನಗೂಲಿ ಆಯಾ ದ್ಯಾವಮ್ಮನವರು ತಮ್ಮ ಬಲಗೈ ತೋರುಬೆರಳಿನಿಂದ ಮೂರನೆಯ ನಾಳವನ್ನು ಒತ್ತಿ ಹಿಡಿದಿರುತ್ತಾರೆ. ರೋಗಿ ಬದುಕಿರುತ್ತಾರೆ. ಇದರಿಂದ ಕಡತಕ್ಕೆ ಉಂಟಾಗಿರುವ ತೊಡಕನ್ನು ಗಂಭೀರವಾಗಿ ಪರಿಗಣಿಸಲಾಗಿದೆ.

ವಿಚಾರಣೆಯಲ್ಲಿ ದ್ಯಾವಮ್ಮನವರು, “ಡಾಕ್ಟ್ರು ‘ಬೆರಳು ಎತ್ತಬ್ಯಾಡ ಕಣಮ್ಮ, ಎತ್ತಿದ್ರೆ ಹೋದ’ ಅಂದ್ರು. ನಾನು ಎತ್ಲಿಲ್ಲ ಸ್ವಾಮಿ. ಯಾರ ಕಾಗ್ದ ಕಾಯ್ಕೊಂಡು ಕೂತ್ಕೊಳ್ಲಿ? ಅಲ್ಲೀಗಂಟ ನೆತ್ರು ನಿಲ್ತದಾ?” ಎಂದು ಹೇಳಿರುತ್ತಾರೆ. ಪ್ರಶ್ನೆ ಕೇಳುವ ಅಧಿಕಾರ ವಿಚಾರಣಾಧಿಕಾರಿಗೆ ಮಾತ್ರ ಇರುವುದರಿಂದ ಕೊನೆಯ ಎರಡು ವಾಕ್ಯಗಳನ್ನು ಹೊಡೆದುಹಾಕಲಾಗಿದೆ.

ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ, ರಕ್ತವೂ ಸೇರಿದಂತೆ, ಈ ಮೂಲಕ ಸೂಚಿಸಲಾಗಿದೆ:

1. ಎಷ್ಟು ನಾಳಗಳು ರಕ್ತ ಸುರಿಸಲಿವೆ ಎಂಬುದನ್ನು ವೈದ್ಯರು ಕತ್ತರಿಸುವ ಮೊದಲೇ ಮೂರು ಪ್ರತಿಗಳಲ್ಲಿ ತಿಳಿಸತಕ್ಕದ್ದು. ಎರಡಕ್ಕಿಂತ ಹೆಚ್ಚಾದಲ್ಲಿ, ಹೆಚ್ಚುವರಿ ನಾಳಗಳ ಸ್ರಾವವನ್ನು ಏಪ್ರಿಲ್‌ನಲ್ಲಿ ಹೊಸ ಆರ್ಥಿಕ ವರ್ಷ ಆರಂಭವಾಗುವವರೆಗೆ ಮುಂದೂಡತಕ್ಕದ್ದು.

2. ಬೀಗದ ಕೈ ಊರಲ್ಲಿಲ್ಲದ ದಿನ ರಕ್ತವು ಒಸರಬಹುದು, ಚಿಮ್ಮತಕ್ಕದ್ದಲ್ಲ.

3. ಗಾಯ ಹೊಲಿಯುವ ಮುನ್ನ ಗಾಜ್ ಬಟ್ಟೆ ಎಣಿಸುವ ಪದ್ಧತಿ ಮುಂದುವರಿಯತಕ್ಕದ್ದು. ಆದರೆ ಬಿಳಿಯಾಗಿ ಪಡೆದ ಬಟ್ಟೆಯನ್ನು ಕೆಂಪಾಗಿ ಹಿಂತಿರುಗಿಸುತ್ತಿರುವುದಕ್ಕೆ ಉಗ್ರಾಣವು ಆಕ್ಷೇಪಿಸಿದೆ. ಈ ಬಗ್ಗೆ ರೋಗಿಯಿಂದ ಮೇಜಿನ ಮೇಲೆಯೇ ವಿವರಣೆ ಪಡೆಯತಕ್ಕದ್ದು. ಪ್ರಜ್ಞೆ ಇಲ್ಲದಿದ್ದಲ್ಲಿ ಮೌನವನ್ನು ತಪ್ಪೊಪ್ಪಿಗೆಯೆಂದು ದಾಖಲಿಸತಕ್ಕದ್ದು.

4. ಕೊಂಡಪ್ಪ ಬಂದು ಕೇಳುವವರೆಗೂ, ನಿಶ್ಚಿತಾರ್ಥದ ಊಟಕ್ಕೆ ಕುಳಿತಾಗಲೂ ಬೀಗದ ಕೈ ಬಿಚ್ಚದೆ ಕಾಪಾಡಿದ ಶ್ರೀ ಆದಿನಾರಾಯಣಪ್ಪನವರಿಗೆ ಪ್ರಶಂಸಾಪತ್ರ ನೀಡಲಾಗಿದೆ.

5. ಬೀರು ತೆರೆದಾಗ ಹತ್ತರಲ್ಲಿ ಏಳು ಇಕ್ಕಳಗಳು ತುಕ್ಕು ಹಿಡಿದು ಬಾಯಿ ಬಿಡಲಿಲ್ಲ. ಶಿಸ್ತಿನ ವಿಷಯದಲ್ಲಿ ಸಿಬ್ಬಂದಿಯು ಅವುಗಳಿಂದ ಕಲಿಯತಕ್ಕದ್ದು.

6. ಮಂಜೂರಾಗದ ಬೆರಳನ್ನು ಬಳಸಿದ್ದಕ್ಕಾಗಿ ದ್ಯಾವಮ್ಮನವರನ್ನು ಇದೇ ತಿಂಗಳ ಕೊನೆಯಿಂದ ಕೆಲಸದಿಂದ ತೆಗೆಯಲಾಗಿದೆ. ಆದರೆ ಸದರಿ ಆಸ್ಪತ್ರೆಯಲ್ಲಿ ನಂಬಬಹುದಾದ ರಕ್ತ ತಡೆಯುವ ಸಾಧನ ಅದೊಂದೇ ಎಂದು ಡಾ. ಸಂಜೀವಪ್ಪನವರು ಲಿಖಿತವಾಗಿ ತಿಳಿಸಿರುವುದರಿಂದ, ಬೆರಳನ್ನು ಮಾತ್ರ ದಾಸ್ತಾನು ವಹಿಯಲ್ಲಿ ಸೇರಿಸಲಾಗಿದೆ. ಅದು ಪ್ರತಿದಿನ ಬೆಳಿಗ್ಗೆ ಒಂಬತ್ತಕ್ಕೆ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಹಾಜರಿರತಕ್ಕದ್ದು. ಬೆರಳಿನ ಜೊತೆಗೆ ಬರುವ ಉಳಿದ ದೇಹಕ್ಕೆ ಕೂಲಿ ಇರುವುದಿಲ್ಲ.

ಸಹಿ/-
(ಓದಲಾಗುವುದಿಲ್ಲ)
ರಜೆಯಲ್ಲಿರುವ ಅಧಿಕಾರಿಯ ಪರವಾಗಿ

ಪ್ರತಿಗಳು:

1. ಡಾ. ಸಂಜೀವಪ್ಪ: ಇನ್ನು ಮುಂದೆ ಎರಡೇ ನಾಳಗಳಿರುವ ರೋಗಿಗಳನ್ನು ಆರಿಸಿಕೊಳ್ಳಲು.
2. ಶ್ರೀ ಆದಿನಾರಾಯಣಪ್ಪ: ಈ ಪ್ರತಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಲು.
3. ಶ್ರೀ ದೊಡ್ಡಬೀರಪ್ಪ: ತಾವು ಬದುಕಿರುವುದನ್ನು ಸಕ್ರಮಗೊಳಿಸುವಂತೆ ಅರ್ಜಿ ಸಲ್ಲಿಸಲು.
4. ದ್ಯಾವಮ್ಮ: ಪ್ರತಿ ತಲುಪಿದ್ದಕ್ಕೆ ಹೆಬ್ಬೆಟ್ಟು ಒತ್ತತಕ್ಕದ್ದು. ತೋರುಬೆರಳಿಗೆ ಮಸಿ ತಾಗಿಸತಕ್ಕದ್ದಲ್ಲ. ಅದು ಸರ್ಕಾರದ ಸ್ವತ್ತು.