ಒಂದು ರೂಪಾಯಿಯ ಎರಡು ತುಂಡು

ಹರಿಯದ ನೋಟನ್ನು ನಮ್ಮ ಸೋದರಮಾವ ನಂಬುತ್ತಿರಲಿಲ್ಲ. ಲೋಕದ ಜನ ಹರಿದ ನೋಟು ಕಂಡರೆ ಮುಖ ತಿರುವುತ್ತಾರೆ. ಇವರೋ, ಗರಿಗರಿ ಒಂದು ರೂಪಾಯಿ ನೋಟನ್ನು ಬೆಳಕಿಗೆ ಹಿಡಿದು, ನಡುವೆ ಮಡಿಚಿ, ಉಗುರಿನಿಂದ ಗೆರೆ ಎಳೆದು, ಚರ್ರನೆ ಎರಡು ಮಾಡುತ್ತಿದ್ದರು. ಆಗ ಅವರ ಮುಖದಲ್ಲಿ ಬರುತ್ತಿದ್ದ ಸಮಾಧಾನ ಹೋಳಿಗೆ ಉಂಡವರ ಮುಖದಲ್ಲೂ ಬರುವುದಿಲ್ಲ.

ಈಗ ಅವರು ನೆನಪಾಗಲು ಕಾರಣ ನನ್ನ ಮೊಮ್ಮಗಳು. ಬೈಲಹೊಂಗಲದಲ್ಲಿ ಹೊಲಿಗೆ ಅಂಗಡಿ ತೆರೆದಿದ್ದಾಳೆ. ನಾನು ಮೂರನೆಯ ಇಯತ್ತೆಯವರೆಗೆ ಸಾಲಿಗೆ ಹೋದವಳು. ಆಕೆಯ ಅಂಗಡಿಯ ಬೋರ್ಡನ್ನು ದಿನಕ್ಕೆ ನಾಲ್ಕು ಸಲ ಓದುತ್ತೇನೆ, ನಾಲ್ಕು ಸಲವೂ ಹೊಸದಾಗಿ ಕಾಣುತ್ತದೆ. ಬೀಗರಿಗೆ, ಹಾಲಿನವನಿಗೆ, ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೆ, ಎಲ್ಲರಿಗೂ ಹೇಳಿಯಾಗಿದೆ. ಈಗ ನಿಮಗೂ ಹೇಳಿದೆ.

ಮೊನ್ನೆ ಒಬ್ಬ ಹೆಣ್ಣುಮಗಳು ಆರು ಜಂಪರು ಹೊಲಿಸಿಕೊಂಡು, ರೊಕ್ಕದ ಬದಲು ಒಂದು ಕಾರ್ಡು ಕೊಟ್ಟಳು. ಮೊಮ್ಮಗಳು ಅದನ್ನು ಸಣ್ಣ ಮಷೀನಿಗೆ ತೋರಿಸಿ ತಿರುಗಿ ಅವಳ ಕೈಗೇ ಕೊಟ್ಟಳು. ಆ ಹೆಣ್ಣುಮಗಳು ಬಟ್ಟೆ ಎತ್ತಿಕೊಂಡು ನಡೆದೇಬಿಟ್ಟಳು.

"ಯಾಕವ್ವಾ, ಪುಕ್ಕಟೆ ಕೊಟ್ಟೆನ?"

"ಇಲ್ಲ ಆಯಿ. ಈ ಮಷೀನು ನಮ್ಮ ಬ್ಯಾಂಕಿಗೆ ತಿಳಸತೈತಿ. ನಮ್ಮ ಬ್ಯಾಂಕು ನಡುವಿನವರನ್ನ ಹಿಡದು ಆಕಿ ಬ್ಯಾಂಕಿಗೆ ಕೇಳತೈತಿ, ಈ ಕಾರ್ಡು ಖರೇನ, ರೊಕ್ಕ ಕೊಡ್ತೀರೇನು ಅಂತ. ಅವರು ಹೂಂ ಅಂದ್ರ ಮುಗೀತು. ರೊಕ್ಕ ನಾಳೆ ನಾಡದ ಬರತೈತಿ."

"ಬರೇ ಹೂಂ ಅಂದಿದ್ದಕ್ಕ ಆರು ಜಂಪರ ಕೊಟ್ಟಿ?"

"ನಡುವ ಇದ್ದವರು ತಮ್ಮ ಪಾಲು ಒಂಚೂರು ಹಿಡ್ಕೋತಾರ, ಅಷ್ಟ."

"ಏನ್ ಹಿಡ್ಕೋತಾರ, ತೆಂಗಿನಕಾಯಿನ?"

ಮೊಮ್ಮಗಳು ನನ್ನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

ತೆಂಗಿನಕಾಯಿಯ ಕತೆ ಎಪ್ಪತ್ತರ ದಶಕದ್ದು. ಮಾಮಾ ಬೈಲಹೊಂಗಲದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಮನಿಯಾರ್ಡರ್ ಎಂದರೆ ಅವರಿಗೆ ಆಗುತ್ತಿರಲಿಲ್ಲ. ಒಮ್ಮೆ ಪರೀಕ್ಷೆ ಮಾಡಲೆಂದು ತಮಗೇ ತಾವು ಐದು ರೂಪಾಯಿ ಮನಿಯಾರ್ಡರ್ ಮಾಡಿದ್ದರು. ಮೂರನೆಯ ದಿನ ರೊಕ್ಕ ಮನೆ ಬಾಗಿಲಿಗೇ ಬಂತು.

"ಬಂತಲ್ರಿ ಮತ್ತ," ಎಂದಳು ಅತ್ತೆ.

ಮಾಮಾ ನೋಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಬಂತು. ಆದ್ರ ನಾ ಕೊಟ್ಟ ನೋಟಲ್ಲ ಇದು."

ಇಂಥವರು ಊರಿಂದೂರಿಗೆ ರೊಕ್ಕ ಹೇಗೆ ಕಳಿಸಬೇಕು? ಅದಕ್ಕೆ ಅವರದೇ ಒಂದು ಪದ್ಧತಿ ಇತ್ತು. ಎಲ್ಲಮ್ಮನ ಗುಡ್ಡದ ಬುಡದಲ್ಲಿ, ಉಗರಗೋಳದಲ್ಲಿ, ಕಾಯಿ, ಭಂಡಾರದ ಅರಿಸಿನಪುಡಿ, ಉಡಿ ತುಂಬುವ ಖಣ ಮಾರುವ ಅಂಗಡಿಯವರೊಬ್ಬರಿದ್ದರು. ಅವರು ಮಾಮಾನ ಅಂಗಡಿಯಿಂದ ಖಣ ಉದ್ರಿ ಒಯ್ಯುತ್ತಿದ್ದರು. ಹಾಗಾಗಿ ಮಾಮಾಗೆ ಸೇರಬೇಕಾದ ರೊಕ್ಕ ಸದಾ ಉಗರಗೋಳದಲ್ಲಿ ಇರುತ್ತಿತ್ತು. ಆ ಕಡೆ ಯಾರಿಗಾದರೂ ರೊಕ್ಕ ಕೊಡುವುದಿದ್ದರೆ ಮಾಮಾ ಒಂದು ರೂಪಾಯಿ ನೋಟು ಹರಿಯುತ್ತಿದ್ದರು. ಎಡಗಡೆಯ ತುಂಡು, ಇಷ್ಟು ಕೊಡಿರಿ ಎಂಬ ಚೀಟಿಯ ಜೊತೆ, ಸವದತ್ತಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಮುಂದಾಗಿ ಉಗರಗೋಳಕ್ಕೆ. ಬಲಗಡೆಯ ತುಂಡು ರೊಕ್ಕ ಪಡೆಯುವವರ ಕೈಗೆ. ಎರಡು ತುಂಡು ಅಲ್ಲಿ ಕೂಡಿ, ಹರಿದ ಅಂಚಿಗೆ ಅಂಚು ಹೊಂದಿದರೆ ಅಂಗಡಿಯವರು ರೊಕ್ಕ ಎಣಿಸಿ ಕೊಡುತ್ತಿದ್ದರು. ಆ ಕೆಲಸಕ್ಕೆ ಅವರು ಹಿಡಿದುಕೊಳ್ಳುತ್ತಿದ್ದುದು ಒಂದು ತೆಂಗಿನಕಾಯಿಯ ಬೆಲೆ. ಮಾಮಾಗೆ ಅದೊಂದೇ ಸಂಕಟ. "ನಾ ಕಳಸೂದು ಅರ್ಧ ನೋಟು. ಅಂವ ಹಿಡ್ಯೂದು ಇಡೀ ಕಾಯಿ."

"ಇದರಾಗೂ ನಿಮ್ಮ ನೋಟ ಅಲ್ಲಿಗಿ ಹೋಗೂದಿಲ್ಲಲ್ರಿ ಮಾಮಾ?" ಎಂದು ನಾನೊಮ್ಮೆ ಕೇಳಿದ್ದೆ.

"ನೋಟ ಹೋಗೂದಿಲ್ಲ ಖರೆ. ಆದ್ರ ಅಲ್ಲಿ ಮನಿಷಾ ಗೊತ್ತದಾನ."

ಕೂಡಿದ ತುಂಡುಗಳು ಅಂಟು ಹಚ್ಚಿಸಿಕೊಂಡು ಮತ್ತೆ ಸಂತೆಗೆ ಬರುತ್ತಿದ್ದವು. ನಡುವೆ ಅಂಟಿನ ಗೆರೆ ಇದ್ದ ನೋಟು ಕಂಡರೆ ಸವದತ್ತಿಯ ಕಂಡಕ್ಟರರು, "ಬಟ್ಟಿ ಸಾವುಕಾರ್ರದು, ನಡೀತೈತಿ," ಎಂದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.

ನನ್ನನ್ನು ಕಟಕೋಳಕ್ಕೆ ಕೊಟ್ಟಿದ್ದರು. ಕೈಯಲ್ಲಿ ಹೊಲಿಗೆ ವಿದ್ಯೆ ಇತ್ತು, ಮಷೀನು ಇರಲಿಲ್ಲ. ರಾಮದುರ್ಗದಲ್ಲಿ ಕಣ್ಣು ಮಂಜಾದ ಸಿಂಪಿಗರೊಬ್ಬರು ತಮ್ಮ ಕೈಮಷೀನನ್ನು ಎರಡು ನೂರಾ ಎಂಬತ್ತು ರೂಪಾಯಿಗೆ ಕೊಡುವವರಿದ್ದರು. "ಸಂತಿ ದಿನ ಸಂಜಿ ತನಕ ಹಾದಿ ನೋಡತೇನಿ ತಂಗಿ. ಆಮ್ಯಾಲೆ ಬ್ಯಾರೆದವರು ಒಯ್ತಾರ," ಎಂದಿದ್ದರು. ಅಂಥ ಬೆಲೆಗೆ ಇನ್ನೊಂದು ಮಷೀನು ನನಗೆ ಈ ಜನ್ಮದಲ್ಲಿ ಸಿಗುತ್ತಿರಲಿಲ್ಲ. ಬೈಲಹೊಂಗಲಕ್ಕೆ ಓಡಿ ಬಂದು ಮಾಮಾನನ್ನು ಕೇಳಿದೆ. ಹೊಲಿದು ತೀರಿಸುತ್ತೇನೆ ಎಂದೆ. ಅವರು ಪೆಟ್ಟಿಗೆ ತೆರೆದರು. ಒಳಗೆ ನೋಟಿನ ಕಟ್ಟು ನನ್ನ ಕಣ್ಣಿಗೆ ಬಿತ್ತು. ಅದರಿಂದ ಒಂದೇ ಒಂದು ರೂಪಾಯಿ ತೆಗೆದು ಚರ್ರನೆ ಹರಿದರು.

"ಮಾಮಾ, ಪೆಟಗ್ಯಾಗ ರೊಕ್ಕ ಐತೆಲ್ರಿ?"

"ಅದು ಇಲ್ಲೀ ರೊಕ್ಕ. ನೀ ಸಂತಿ ದಿನ ಉಗರಗೋಳಕ್ಕ ಹೋಗಿ ಇಸ್ಕೊಂಡು, ಹಂಗ ರಾಮದುರ್ಗಕ್ಕ ಹೋಗು."

ಸಂತೆಯ ದಿನ ಉಗರಗೋಳದಲ್ಲಿ ಬಸ್ಸಿಳಿದು ನನ್ನ ತುಂಡನ್ನು ಅಂಗಡಿಯವರ ಮುಂದಿಟ್ಟೆ. ಅವರು ಚೀಟಿ ತೆಗೆದರು. ಅದರ ಜೊತೆಗಿನ ತುಂಡಿಗಾಗಿ ಡಬ್ಬಿ ತಡಕಿದರು, ಭಂಡಾರದ ಬುಟ್ಟಿ ತಡಕಿದರು. ಆಗ ಒಳಗಿನಿಂದ ಅವರ ಹೆಂಡತಿ ಬಂದಳು. ಎರಡೂ ಕೈತುಂಬ ಹೊಸ ಹಸಿರು ಬಳೆ.

"ಡಬ್ಬ್ಯಾಗ ಎರಡು ತುಂಡ ಇದ್ದೂವಲ್ರಿ? ಕೂಡಿಸಿ ಅಂಟ ಹಚ್ಚಿ ಬಳಿಗಾರ್ತಿಗೆ ಕೊಟ್ಟೆ."

"ಅಯ್ಯ ಮಾರಾಯ್ತಿ, ಅವು ಬ್ಯಾರೆ ಬ್ಯಾರೆ ನೋಟಿನವು! ಎರಡೂ ಎಡಗಡೇವು!"

"ಅದಕ್ಕ ನನಗೂ ಒಂದ ಬದಿ ತೆಳಗ ಮ್ಯಾಲಾದಂಗ ಕಂಡಿತ್ತು. ಬಟ್ಟಿ ಸಾವುಕಾರ್ರ ನೋಟು ಹಂಗ ಇರತಾವ ಅಂತ ಬಳಿಗಾರ್ತಿ ಇಸ್ಕೊಂಡ್ಲು."

ಅಂಗಡಿಯವರು ನನ್ನ ಕಡೆ ತಿರುಗಿದರು. "ತಪ್ಪ ತಿಳೀಬ್ಯಾಡ ತಂಗಿ. ಚೀಟ್ಯಾಗ ಹೆಸರಿಲ್ಲ. ತುಂಡ ಹೊಂದಿದ್ರ ಕೊಡ್ರಿ ಅಂತ ಅಷ್ಟ ಐತಿ. ನೀ ಯಾರಂತ ತಿಳದು ಕೊಡಲಿ?"

ರಾಮದುರ್ಗದ ಬಸ್ಸಿಗೆ ಇನ್ನು ಅರ್ಧ ತಾಸು. ಮೆಟ್ಟಿಲ ಮೇಲೆ ಕೂತೆ. ಅಲ್ಲಿ ಚೆಲ್ಲಿದ್ದ ಭಂಡಾರ ಮೆತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡೆ, ಕಣ್ಣು ಇನ್ನಷ್ಟು ಉರಿಯಿತು. ಉರಿಯುವ ಕಣ್ಣಿಗೇ ಎದುರಿನ ಚಹಾದಂಗಡಿಯಲ್ಲಿ ಒಬ್ಬರು ಕಂಡರು. ತಲೆಯ ಮೇಲೆ ಟವೆಲು, ನನ್ನ ಕಡೆ ಬೆನ್ನು. ಟವೆಲು ಯಾರದಾದರೂ ಇರಬಹುದು. ಹಿಡಿಕೆ ಮುರಿದಲ್ಲಿ ಸೀರೆಯ ಕೆಂಪು ಅಂಚು ಸುತ್ತಿದ ಆ ಛತ್ರಿ ಮಾತ್ರ ಭೂಮಿಯ ಮೇಲೆ ಒಂದೇ ಇತ್ತು.

"ಮಾಮಾ, ಇಲ್ಲೇನ್ ಮಾಡಾಕತ್ತೀರಿ?"

"ಚಾ ಕುಡ್ಯಾಕ ಬಂದಿದ್ದೆ."

"ಬೈಲಹೊಂಗಲದಾಗ ಚಾ ಸಿಗೂದಿಲ್ಲೇನ್ರಿ?"

"ಇಲ್ಲೀದು ಚಲೋ ಇರತೈತಿ."

ಚಹಾದವನು ನಕ್ಕ. "ಯಾವಾಗ್ಲೂ ಇಲ್ಲೇ ಕುಂಡ್ರತಾರವ್ವಾ. ಒಂದ ಚಾ, ಮೂರ ತಾಸು. ಆ ಅಂಗಡ್ಯಾಗಿಂದ ಯಾರರ ರೊಕ್ಕ ಇಸ್ಕೊಂಡು ಹೊರಗ ಬಂದ್ರ ಎದ್ದು ಹೋಗತಾರ."

ಎಂದರೆ, ಅರ್ಧ ನೋಟು ಕಳಿಸಿದಾಗಲೆಲ್ಲ ಈ ಮಹಾರಾಯರು ಬಸ್ಸಿನ ಚಾರ್ಜು ಕೊಟ್ಟು ಅದರ ಬೆನ್ನ ಹಿಂದೆಯೇ ಬರುತ್ತಿದ್ದರು. ಒಂದು ಕಾಯಿಗೆ ಕೊರಗುವವರು.

ಮಾಮಾ ಎದ್ದು ರಸ್ತೆ ದಾಟಿ, "ನಮ್ಮಕ್ಕನ ಮಗಳ್ರಿ. ಕಟಕೋಳದಾಗ ಇರತಾಳ. ಜಂಪರ ಹೊಲೀತಾಳ," ಎಂದರು. ಅಂಗಡಿಯವರು ಎದ್ದು ನಿಂತು ಎರಡು ನೂರಾ ಎಂಬತ್ತು ರೂಪಾಯಿ ಎಣಿಸಿ ನನ್ನ ಕೈಗಿಟ್ಟರು. ತಪ್ಪು ತಮ್ಮ ಮನೆಯದೆಂದು ಕಾಯಿಯನ್ನೂ ಹಿಡಿಯಲಿಲ್ಲ. ಹೊರಗೆ ಬಂದ ಮೇಲೆ ಮಾಮಾ ಅಂಗಿಯ ಒಳಕಿಸೆಯಿಂದ ಒಂದು ಕಟ್ಟು ತೆಗೆದು, ಇದೆಯೆಂದು ಮುಟ್ಟಿ ನೋಡಿ, ಮತ್ತೆ ಒಳಗಿಟ್ಟುಕೊಂಡರು. ಅದೂ ಎರಡು ನೂರಾ ಎಂಬತ್ತೇ. ಅಲ್ಲಿ ಸಿಗದಿದ್ದರೆ ಇರಲಿ ಎಂದು ತಂದಿದ್ದರಂತೆ.

ನನಗೆ ಸಿಟ್ಟು ಬಂತು. "ಕಿಸೇದಾಗ ಇಟ್ಕೊಂಡು ನನ್ನ ಯಾಕ ಅಳಿಸಿದ್ರಿ? ಮನ್ಯಾಗ ಕೊಟ್ಟಿದ್ರ ಏನಾಗತಿತ್ತು?"

ಮಾಮಾ ಛತ್ರಿ ಬಿಚ್ಚಿ ನನ್ನ ತಲೆಯ ಮೇಲೆ ಹಿಡಿದರು. "ಮನ್ಯಾಗ ಕೊಟ್ರ ಅದು ಮಾಮಾ ಕೊಟ್ಟ ರೊಕ್ಕ ಆಗತಿತ್ತವಾ. ಇಲ್ಲಿ ಒಬ್ಬ ವ್ಯಾಪಾರಸ್ಥ ಎದ್ದು ನಿಂತು ನಿನಗ ಎಣಿಸಿ ಕೊಟ್ಟ. ಇನ್ನ ನಿನ್ನ ಮಾರಿ ಅವಗ ಗುರ್ತ ಆತು. ನಾಳೆ ನಾ ಇಲ್ಲದಾಗ ನಿನಗ ದಾರ, ಗುಂಡಿ, ಅರಿವಿ ಯಾರು ಉದ್ರಿ ಕೊಡಬೇಕು?"

ಬಸ್ಸು ಬಂತು. ಸಂಜೆಯೊಳಗೆ ಮಷೀನು ನನ್ನದಾಯಿತು. ಮಾಮಾ ಹೋದ ಮೇಲೂ ಉಗರಗೋಳದ ಅಂಗಡಿಯವರು ನನಗೆ ಖಣ ಉದ್ರಿ ಕೊಟ್ಟರು. ಯಾವ ತುಂಡನ್ನೂ ಕೇಳಲಿಲ್ಲ. ಜೋಡಿಯಿಲ್ಲದ ನನ್ನ ಅರ್ಧ ನೋಟು ಆ ಮಷೀನಿನ ಖಾನೆಯಲ್ಲಿ ಈಗಲೂ ಇದೆ. ಅದೇ ಮಷೀನಿನ ಮೇಲೆ ಮೊಮ್ಮಗಳು ಮೊದಲ ಹೊಲಿಗೆ ಹಾಕಿದ್ದು.

ಇನ್ನು ಆರು ಜಂಪರಿನ ಸುದ್ದಿ. ಎರಡನೆಯ ದಿನ ಮಧ್ಯಾಹ್ನ ಮೊಮ್ಮಗಳು ಅಂಗಡಿಯಿಂದ ಹೊರಗೆ ಬಂದು, ರಸ್ತೆಯ ಆಚೆಗಿನ ಚಹಾದಂಗಡಿಯಲ್ಲಿ ತಲೆಯ ಮೇಲೆ ಟವೆಲು ಹೊದ್ದು ಕೂತಿದ್ದ ನನ್ನನ್ನು ಕಂಡಳು.

"ಆಯಿ, ನಿನ್ನೆಯಿಂದ ಇಲ್ಲೇ ಕುಂತೀಯಂತ? ನೀ ಚಾ ಬಿಟ್ಟು ಎಷ್ಟ ವರ್ಷ ಆತು!"

"ಇಲ್ಲೀದು ಚಲೋ ಇರತೈತಿ," ಎಂದೆ.

ಆಕೆ ಫೋನು ತೋರಿಸಿದಳು. "ರೊಕ್ಕ ಬಂತ ನೋಡು."

ನಾನು ಟವೆಲು ಝಾಡಿಸಿಕೊಂಡು ಎದ್ದೆ.